ಎರಡೂ ದೀಪ ಹಸಿರಾದ ದಿನ

"ಇನ್ನ ಮ್ಯಾಲೆ ನೀ ಒಂದ್ ಸಹಿನೂ ಮಾಡೂದು ಬ್ಯಾಡ!" ಎಂದು ಮುರಿಗೆಪ್ಪ ಹೂಲಿಯವರು ಬ್ಯಾಂಕಿಗೆ ತಂದಿಟ್ಟ ಯಂತ್ರದ ಮೇಲೆ ಹೊದಿಸಿದ್ದ ಹಳೆಯ ಧೋತರವನ್ನು ಸರ್ರನೆ ಎಳೆದರು.

ಬೆಟಗೇರಿಯ ವರ್ತಕರ ಸಹಕಾರಿ ಬ್ಯಾಂಕಿನ ಮ್ಯಾನೇಜರ್ ಸುಶೀಲಾಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. ಮುರಿಗೆಪ್ಪನವರು ಆಕೆಯ ಗಂಡ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ ಮೇಲೆ ಯಂತ್ರ ಕಟ್ಟುವುದೇ ಅವರ ಕಸುಬು. ಅವರ ರೊಟ್ಟಿ ಯಂತ್ರ ಹಾರಿಸಿದ ರೊಟ್ಟಿಯೊಂದು ಇನ್ನೂ ಮನೆಯ ಚಾವಣಿಗೆ ಅಂಟಿಕೊಂಡೇ ಇತ್ತು!

ಹೊಸ ಯಂತ್ರ ಕಪಾಟಿನಷ್ಟು ಎತ್ತರವಿತ್ತು. ನೆತ್ತಿಯ ಮೇಲೆ ಎರಡು ಸಿಗ್ನಲ್ ದೀಪ, ಹೊಟ್ಟೆಯಲ್ಲಿ ಕಡತ ನುಂಗುವ ಬಾಯಿ, ಪಕ್ಕದಲ್ಲಿ ಗುಜರಿಯಿಂದ ತಂದ ರೈಲು ನಿಲ್ದಾಣದ ಧ್ವನಿವರ್ಧಕ.

"ಒಂದ ಹಳಿ ಇರೂ ಸಿಂಗಲ್ ಲೈನಿನಾಗ ಎರಡೂ ಕಡೆ ಸ್ಟೇಷನ್ ಒಪ್ಪಿದ್ರ ಮಾತ್ರ ಗಾಡಿ ಬಿಡ್ತಾರ. ಇಲ್ಲೂ ಹಂಗ," ಎಂದರು ಮುರಿಗೆಪ್ಪ. "ಎಡಗಡೆ ಮಿದುಳಿಗೆ ಕೇಂದ್ರದ ಬ್ಯಾಂಕಿಂಗ್ ನಿಯಮ ಎಲ್ಲಾ ಓದಿಸೇನಿ. ಬಲಗಡೆದಕ್ಕ ರಾಜ್ಯದ ಸಹಕಾರ ಕಾಯ್ದೆ. ಎರಡೂ ಹಸಿರಾದ್ರ ಸಾಲ ಮಂಜೂರು. ಒಂದು ಕೆಂಪಾದ್ರೂ ಎಲ್ಲಾ ಬಂದ್!"

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾ! ಕಪಾಟು, ತಿಜೋರಿ, ಬಾಗಿಲಾ. ಒಂದಕ್ಕೊಂದು ಬೀಗ ಜೋಡಿಸೇನಿ!"

ಪರೀಕ್ಷೆಗೆಂದು ಖಾಲಿ ಕಡತವೊಂದರ ತುದಿಯನ್ನಷ್ಟೇ ಒಳಗಿಟ್ಟರು. ಎಡದೀಪ ಹಸಿರಾಯಿತು, ಬಲದೀಪ ಕೆಂಪಾಯಿತು. "ನೋಡಿದ್ಯಾ, ಎಷ್ಟು ಹುಷಾರಿ!" ಎಂದು ಮುರಿಗೆಪ್ಪ, ಬೀಗ ಬೀಳುವ ಮೊದಲೇ ಕಡತವನ್ನು ಹಿಂದಕ್ಕೆಳೆದುಕೊಂಡು ಹಿಗ್ಗಿದರು. ಖಾಲಿ ಕಡತದ ಬಗ್ಗೆಯೂ ಜಗಳ ತೆಗೆಯಬಲ್ಲ ಯಂತ್ರವನ್ನು ನಂಬುವುದು ಹೇಗೆಂದು ಸುಶೀಲಾಬಾಯಿಗೆ ತಿಳಿಯಲಿಲ್ಲ.

ಆದರೂ ಆಕೆ ಬೇಡವೆನ್ನಲಿಲ್ಲ. ಸಹಕಾರಿ ಬ್ಯಾಂಕಿನ ಮ್ಯಾನೇಜರ್ ಎಂದರೆ ಇಬ್ಬರು ಅತ್ತೆಯರಿರುವ ಸೊಸೆ, ಒಬ್ಬಾಕೆ ಕೇಂದ್ರ, ಇನ್ನೊಬ್ಬಾಕೆ ರಾಜ್ಯ. ನಾಲ್ಕು ವರ್ಷದ ಹಿಂದೆ ಒಂದು ಗೃಹಸಾಲಕ್ಕೆ ಸಹಿ ಮಾಡಿದ್ದಕ್ಕೆ, ಇಷ್ಟು ಅವಸರ ಯಾಕೆ ಎಂದು ಒಂದು ಕಡೆಯಿಂದ ನೋಟೀಸು ಬಂದಿತ್ತು, ಇಷ್ಟು ತಡ ಯಾಕೆ ಎಂದು ಇನ್ನೊಂದು ಕಡೆಯಿಂದ! ಅಂದಿನಿಂದ ಪೆನ್ನು ಹಿಡಿದರೆ ಆಕೆಯ ಕೈ ನಡುಗುತ್ತಿತ್ತು. ನಿವೃತ್ತಿಗೆ ಉಳಿದದ್ದು ಮೂರೇ ತಿಂಗಳು. ಅಲ್ಲಿಯವರೆಗೆ ಯಾವ ಜವಾಬ್ದಾರಿಯೂ ತಲೆಯ ಮೇಲೆ ಬೀಳದಿದ್ದರೆ ಸಾಕಾಗಿತ್ತು.

ಹನ್ನೆರಡಕ್ಕೆ ನೀಲವ್ವ ಬಂದಳು. ಬ್ಲೌಸು ಹೊಲಿದು ಬದುಕುವ ಹೆಂಗಸು, ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಬದಲಿಸಿದವಳು. ಜೊತೆಗೆ, ಆಕೆಗೆ ಮನೆ ಮಾರಲು ಒಪ್ಪಿದ ವಿಠ್ಠಲಸಾ ಬಾಕಳೆ.

"ಅಕ್ಕಾರ, ಮನಿ ಕರಾರಿನ ಗಡುವು ಇವತ್ತು ಐದು ಗಂಟೇಕ ಮುಗೀತೈತ್ರಿ," ಎಂದಳು ನೀಲವ್ವ. ವಿಠ್ಠಲಸಾ ಗಡಿಯಾರ ನೋಡಿಕೊಂಡರು. "ಐದಾದ ಮ್ಯಾಲೆ ನನ್ನ ಕೇಳಬ್ಯಾಡ್ರಿ. ಹೆಚ್ಚಿಗಿ ಕೊಡಾವ್ರು ಬಾಗಿಲದಾಗ ನಿಂತಾರ."

ಕಡತವನ್ನು ಸುಶೀಲಾಬಾಯಿ ಆ ವಾರದಲ್ಲಿ ಮೂರು ಸಲ ಓದಿದ್ದರು. ಆದಾಯ ಸರಿ, ಮನೆಯ ಪತ್ರ ಸರಿ, ಚೆಕ್ಕೂ ತಯಾರು. ಬಾಕಿ ಇದ್ದದ್ದು ಒಂದು ಸಹಿ. ಅದನ್ನು ತಪ್ಪಿಸಿಕೊಳ್ಳಲು ಆಕೆ ಎಲ್ಲವನ್ನೂ ಯಂತ್ರದ ಬಾಯಿಗೆ ಹಾಕಿಬಿಟ್ಟರು.

ಟಣ್! ಎರಡೂ ದೀಪ ಕೆಂಪು!

"ದಯವಿಟ್ಟು ಗಮನಿಸಿ," ಎಂದಿತು ಎಡಗಡೆಯ ದನಿ. "ಮೊದಲು ರಾಜ್ಯದ ಒಪ್ಪಿಗೆ ಬರಬೇಕು."

"ದಯವಿಟ್ಟು ಗಮನಿಸಿ," ಎಂದಿತು ಬಲಗಡೆಯದು. "ಮೊದಲು ಕೇಂದ್ರದ ಒಪ್ಪಿಗೆ ಬರಬೇಕು."

ಬಳಿಕ ಎರಡೂ ಸೇರಿ, "ನೀಲವ್ವ ಅವರ ಗೃಹಸಾಲವು ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ. ಅಡಚಣೆಗೆ ವಿಷಾದಿಸುತ್ತೇವೆ!"

ಒಂದು ಗಂಟೆಗೆ ಫ್ಯಾನುಗಳು ನಿಂತವು. ವಿವಾದದಲ್ಲಿರುವ ಕಾಗದ ಹಾರಿಹೋಗಬಾರದಂತೆ! ಎರಡಕ್ಕೆ ಮೇಜಿನ ಖಾನೆಗಳೆಲ್ಲ ಬೀಗ ಜಡಿದುಕೊಂಡವು, ಪೆನ್ನುಗಳ ಸಮೇತ. ಮೂರಕ್ಕೆ ಬಾಗಿಲಿನ ಸರದಿ. ಸದಸ್ಯರನ್ನು ತಡೆಯಬಾರದೆಂದು ಒಂದು ಮಿದುಳು ತೆರೆಯುವುದು, ಭದ್ರತೆ ಮುಖ್ಯವೆಂದು ಇನ್ನೊಂದು ಮುಚ್ಚುವುದು! ಚಹಾಕ್ಕೆಂದು ಹೊರಟ ವಿಠ್ಠಲಸಾ ಗ್ರಿಲ್ಲಿನ ನಡುವೆ ಸಿಕ್ಕಿ, ಅರ್ಧ ಬ್ಯಾಂಕಿನಲ್ಲಿ, ಅರ್ಧ ರಸ್ತೆಯಲ್ಲಿ ನಿಂತು ಕೂಗತೊಡಗಿದರು.

"ಪ್ಲಗ್ ಕೀಳ್ರಿ ಅದನ್ನ!" ಎಂದರು ಸುಶೀಲಾಬಾಯಿ.

"ಕಿತ್ತೇನಿ! ಆದ್ರ ಒಳಗ ಬ್ಯಾಟರಿ ಐತಿ. ಸಿಗ್ನಲಿಗೆ ಕರೆಂಟು ಹೋಗಬಾರದಲ್ಲ? ಎರಡು ದಿನ ಬರ್ತೈತಿ."

"ಎರಡು ದಿನಾ! ನಿಮ್ಮ ತಲ್ಯಾಗ ಏನ್ ತುಂಬೇತ್ರೀ?"

"ಸುರಕ್ಷತಾ!" ಎಂದರು ಮುರಿಗೆಪ್ಪ, ಸ್ವಲ್ಪ ನೊಂದುಕೊಂಡು.

ನಾಲ್ಕೂವರೆ ಆಯಿತು. ನೀಲವ್ವ ಅಳಲಿಲ್ಲ, ಜಗಳವಾಡಲಿಲ್ಲ. ಬೆಂಚಿನ ಮೇಲೆ ಕುಳಿತು, "ಹನ್ನೆರಡನೇ ಬಾಡಿಗಿ ಮನಿ ಹುಡುಕಬೇಕಲ್ಲ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಸುಶೀಲಾಬಾಯಿಗೆ ನಾಚಿಕೆಯಾಯಿತು. ಯಂತ್ರ ಕಡತವನ್ನು ನುಂಗಿದ್ದು ನಿಜ. ಆದರೆ ಅದರ ಬಾಯಿಗೆ ಹಾಕಿದ ಕೈ ಯಾರದು?

"ಏನ್ರೀ," ಎಂದರು ಗಂಡನ ಕಡೆ ತಿರುಗಿ. "ರೈಲ್ವೇದಾಗ ಸಿಗ್ನಲ್ ಕೆಟ್ಟು ಕೆಂಪಗ ನಿಂತ್ರ, ಗಾಡಿ ಹೆಂಗ ಬಿಡ್ತಿದ್ರಿ?"

"ಸ್ಟೇಷನ್ ಮಾಸ್ತರ ಕೈಲೆ ಚೀಟಿ ಬರದು, ಸಹಿ ಹಾಕಿ ಡ್ರೈವರಗ ಕೊಡ್ತಿದ್ದ. ಜವಾಬ್ದಾರಿ ಅವಂದು."

"ಈ ಮಶೀನಿಗೂ ಅದನ್ನ ಕಲಿಸೀರೇನು?"

"ಕಲಿಸದ ಬಿಡ್ತೀನೇನು? ಮೂವತ್ತಾರು ವರ್ಷದ ರೂಢಿ!"

"ಮತ್ತ ಮಧ್ಯಾಹ್ನದಿಂದ ಯಾಕ ಹೇಳ್ಲಿಲ್ಲ?"

"ಸಹಿ ಅಂದ್ರ ನೀ ನಡಗ್ತೀಯಲ್ಲ!" ಎಂದರು ಮುರಿಗೆಪ್ಪ.

ಪೆನ್ನುಗಳೆಲ್ಲ ಬಂಧನದಲ್ಲಿದ್ದವು. ನೀಲವ್ವ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ಕೊಟ್ಟಳು, ಬ್ಲೌಸಿನ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆಯನ್ನೂ ಹರಿದುಕೊಟ್ಟಳು. ಸುಶೀಲಾಬಾಯಿ ಬರೆದರು: 'ಈ ಸಾಲವನ್ನು ನಾನೇ ಪರಿಶೀಲಿಸಿ ಮಂಜೂರು ಮಾಡಿದ್ದೇನೆ. ಪೂರ್ಣ ಜವಾಬ್ದಾರಿ ನನ್ನದು.' ಕೈ ನಡುಗಿತು, ಅಕ್ಷರಗಳೂ ನಡುಗಿದವು. ಆದರೂ ಸಹಿ ಬಿತ್ತು!

ಯಂತ್ರ ಚೀಟಿಯನ್ನು ನುಂಗಿ, ಗುರ್ ಎಂದು, ಕಡತ, ಪತ್ರ, ಚೆಕ್ಕು ಮೂರನ್ನೂ ಹೊರಗೆ ಉಗುಳಿತು. ಗ್ರಿಲ್ಲು ವಿಠ್ಠಲಸಾರನ್ನು ಬಿಟ್ಟಿತು. ಐದಕ್ಕೆ ಐದು ನಿಮಿಷವಿರುವಾಗ ಅವರ ಕೈಗೆ ಚೆಕ್ಕು ಸೇರಿತು. ಮಧ್ಯಾಹ್ನದಿಂದ ತಡೆದುಕೊಂಡಿದ್ದ ನೀಲವ್ವ ಆಗ ಗಳಗಳನೆ ಅತ್ತಳು.

ಎಲ್ಲರೂ ಹೊರಗೆ ಹೋದರು. ಕೊನೆಯವರಾಗಿ ಸುಶೀಲಾಬಾಯಿ ಬ್ಯಾಗು ಎತ್ತಿಕೊಂಡು ಹೊಸ್ತಿಲಿಗೆ ಬಂದರು. ಧಡಾರ್! ಗ್ರಿಲ್ಲು ಮುಚ್ಚಿಕೊಂಡಿತು. ಯಂತ್ರದ ಎರಡೂ ದೀಪಗಳು, ಹುಟ್ಟಿದ ಮೇಲೆ ಮೊದಲ ಸಲ, ಒಟ್ಟಿಗೇ ಹಸಿರಾಗಿ ಹೊಳೆದವು!

"ದಯವಿಟ್ಟು ಗಮನಿಸಿ," ಎಂದವು ಎರಡು ದನಿಗಳು ಒಂದೇ ಶ್ರುತಿಯಲ್ಲಿ. "ಪೂರ್ಣ ಜವಾಬ್ದಾರಿ ಹೊತ್ತ ಮ್ಯಾನೇಜರ್ ಅವರನ್ನು, ಸಾಲ ತೀರುವವರೆಗೆ ಬ್ಯಾಂಕಿನಲ್ಲಿ ಅಡವಾಗಿ ಇರಿಸಿಕೊಳ್ಳಲಾಗಿದೆ. ಅವಧಿ ಹದಿನೈದು ವರ್ಷ. ಕೇಂದ್ರದ ಒಪ್ಪಿಗೆ ಇದೆ. ರಾಜ್ಯದ ಒಪ್ಪಿಗೆಯೂ ಇದೆ."

ಹೊರಗೆ ಮುರಿಗೆಪ್ಪನವರು ಬಾಯಿ ತೆರೆದು ನಿಂತಿದ್ದರು. ಸುಶೀಲಾಬಾಯಿ ತಮ್ಮ ಕೈಗಳನ್ನು ನೋಡಿಕೊಂಡರು. ನಡುಕ ನಿಂತಿತ್ತು. ಅವರು ಕುರ್ಚಿ ಎಳೆದುಕೊಂಡು ಗ್ರಿಲ್ಲಿನ ಪಕ್ಕ ಆರಾಮಾಗಿ ಕುಳಿತರು.

"ಎರಡೂ ಕಡೆಯವ್ರು ಒಪ್ಯಾರ ಅಂದ ಮ್ಯಾಲೆ ನಾ ಏನ್ ಮಾಡ್ಲಿ?" ಎಂದರು. "ಹದಿನೈದು ವರ್ಷ ನಿಮ್ಮ ಅಡಿಗಿ ನೀವ ಮಾಡ್ಕೋರಿ. ರೊಟ್ಟಿ ಬೇಕಂದ್ರ ಚಾವಣಿ ಮ್ಯಾಲೆ ಒಂದೈತಿ."