ರಕ್ತಪಿಶಾಚಿಗೊಂದು ಆಯೇರಿ

ರೇಣವ್ವ: ದೆವ್ವಾನ ಆಗಬೇಕಿತ್ತೇನ್ರಿ ನೀವು? ಇಡೀ ನಾಟಕದಾಗ ಮನಶ್ಯಾನ ಪಾರ್ಟು ಒಂದೂ ಉಳಿದಿರಲಿಲ್ಲ?

ಭಾಗಪ್ಪ: ಬರೇ ದೆವ್ವಲ್ಲಲೇ, ರಕ್ತಪಿಶಾಚಿ! ನಾಟಕದ ಹೆಸರ ನನ್ನ ಮ್ಯಾಲೆ ಐತಿ.

ರೇಣವ್ವ: ಆ ಹೆಸರು ತಗೊಂಡು ಒಲಿಯಾಗ ಹಾಕ್ರಿ. ನಮ್ಮಪ್ಪ ಬಬಲೇಶ್ವರದಿಂದ ರೇಷ್ಮಿ ರುಮಾಲ ಹಿಡಕೊಂಡು ಆಯೇರಿ ಮಾಡಾಕ ಬರಾಕತ್ತಾನ. ಪಿಶಾಚಿ ಹಣಿಗೆ ಕುಂಕುಮ ಹಚ್ಚು ಯಪ್ಪಾ ಅಂತ ಹೇಳ್ಲೇನು?

ಭಾಗಪ್ಪ: ಹಚ್ಚಲಿ ಬಿಡು. ನನಗೇನೂ ಬ್ಯಾಸರಿಲ್ಲ.

ರೇಣವ್ವ: ನಿಮಗಿಲ್ಲ, ಬಬಲೇಶ್ವರದ ಮಂದಿಗೆ ಐತಿ! "ರಾಯಪ್ಪ ದೆವ್ವಕ್ಕ ಮಗಳನ್ನ ಕೊಟ್ಟಾನ, ಮ್ಯಾಲೆ ರುಮಾಲಾನೂ ಸುತ್ತಿ ಬಂದಾನ" ಅಂತ ಕಟ್ಟಿ ಮ್ಯಾಲೆ ಕುಂತು ನಗತಾರ.

ಆಯೇರಿ ಅಂದರೆ ಸಣ್ಣ ಮಾತಲ್ಲ. ಈ ಸೀಮೆಯಲ್ಲಿ ಯಾರೇ ಬಣ್ಣ ಹಚ್ಚಲಿ, ನಾಟಕದ ನಟ್ಟನಡುವೆ ಅವನ ಬೀಗರು ಸ್ಟೇಜು ಹತ್ತಿ, ಕುಂಕುಮವಿಟ್ಟು, ತಲೆಗೆ ರುಮಾಲು ಸುತ್ತಿ, ಉಂಗುರ ತೊಡಿಸಿ, ತಮ್ಮ ಹೆಸರು ಕೂಗಿಸಿಯೇ ಇಳಿಯುವುದು. ಆಗ ಯುದ್ಧ ನಡೆದಿದ್ದರೆ ಯುದ್ಧ ನಿಲ್ಲಬೇಕು, ಅಳು ನಡೆದಿದ್ದರೆ ಅಳು ನಿಲ್ಲಬೇಕು. ನಮ್ಮ ಭಾಗಪ್ಪನಿಗೆ ಮಾತ್ರ ಇದುವರೆಗೆ ಒಂದು ಕರವಸ್ತ್ರವೂ ಬಂದಿರಲಿಲ್ಲ. ಅವನು ಅಥಣಿ ರಸ್ತೆಗೆ ಡಾಂಬರು ಹಾಕುವ ಗ್ಯಾಂಗಿನ ಆಳು. ತಿಕೋಟಾದಲ್ಲಿ ಯಾವ ನಾಟಕವಾದರೂ ಪರದೆಯ ಹಗ್ಗ ಎಳೆಯುವವನು. ಹಗ್ಗ ಎಳೆಯುವವನಿಗೆ ಯಾರಪ್ಪಾ ರುಮಾಲು ಸುತ್ತುತ್ತಾರೆ?

ಈ ಸಲ ಕಾರಹುಣ್ಣಿಮೆಯ ನಾಟಕಕ್ಕೆ ಆಳು ಹುಡುಕುತ್ತಿದ್ದ ಬುಡ್ಡೇಸಾಬ ಮಾಸ್ತರ, ಭಾಗಪ್ಪನ ತುಟಿ ದಾಟಿ ಬಂದಿದ್ದ ಮುಂದಿನ ಎರಡು ಹಲ್ಲು ನೋಡಿದ್ದೇ ತಡ, "ಸಿಕ್ಕ ನೋಡ್ರಿ ನನ್ನ ಪಿಶಾಚಿ!" ಎಂದು ತಬ್ಬಿಕೊಂಡುಬಿಟ್ಟಿದ್ದ. ಹುಟ್ಟಿದಾಗಿನಿಂದ ಆ ಹಲ್ಲುಗಳನ್ನು ಹೊಗಳಿದವನು ಅವನೊಬ್ಬನೇ. ಈ ಪಾರ್ಟು ಕೈ ಬಿಟ್ಟರೆ ಸಾಯುವ ತನಕ ಹಗ್ಗವೇ ಗತಿ ಎಂದು ನೆನೆದರೆ ಭಾಗಪ್ಪನಿಗೆ ಅಳುವೇ ಬರುತ್ತಿತ್ತು.

ಅವನು ಮಧ್ಯಾಹ್ನದ ರೊಟ್ಟಿ ಮುರಿಯುತ್ತ ಕೂತಿರುವಾಗಲೇ ಈ ಜಗಳ ಎದ್ದದ್ದು. ಅಷ್ಟರಲ್ಲಿ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಬುಡ್ಡೇಸಾಬನೇ ಬಾಗಿಲಿಗೆ ಬಂದ. ಹಗಲು ಬಟ್ಟೆ ಹೊಲಿಯುವವನು, ಸಂಜೆಯಾದರೆ ಹಾರ್ಮೋನಿಯಂ ಪೇಟಿ ಬಾರಿಸುವವನು. ನಾಟಕ ಬರೆದು ಕಲಿಸುವವನೂ ಅವನೇ.

ಬುಡ್ಡೇಸಾಬ: ಏನವ್ವಾ ತಂಗಿ, ನಿನ್ನ ದನಿ ಬಸ್ ಸ್ಟ್ಯಾಂಡಿನ ತನಾ ಕೇಳಾಕತ್ತೈತಲ್ಲ?

ರೇಣವ್ವ: ಬರ್ರಿ ಮಾಸ್ತರ, ನಿಮ್ಮನ್ನ ಕಾಯಾಕತ್ತಿದ್ನಿ. ಇಂಥಾ ನಾಟಕಾ ಎಲ್ಲಿಂದ ತಂದ್ರಿ? ಏನಿದರ ಹೆಸರು?

ಬುಡ್ಡೇಸಾಬ: "ರಕ್ತಪಿಶಾಚಿ, ಅರ್ಥಾತ್ ಸರಕಾರದ ಗುಪ್ತ ಪಡೆ." ವಿಜಾಪುರದ ಟಾಕೀಸಿನಾಗ ಒಂದು ಇಂಗ್ಲಿಷ್ ಸಿನೆಮಾ ನೋಡಿದ್ನಿ. ಮಾತು ಒಂದೂ ತಿಳೀಲಿಲ್ಲ. ಹಂಗಾಗಿ ಕತಿ ಪೂರಾ ನಂದ.

ರೇಣವ್ವ: ಗುಪ್ತ ಪಡೆ ಅಂದ್ರೇನು?

ಬುಡ್ಡೇಸಾಬ: ರಕ್ತಾ ಹೀರೂ ಪಿಶಾಚಿ ಹಿಡ್ಯಾಕ ಸರಕಾರದವರು ಸಾಹೇಬರನ್ನ ಇಟ್ಟಾರ. ಅವರು ಅದಾರ ಅನ್ನೂದು ಒಂದು ನರಪಿಳ್ಳೆಗೂ ಗೊತ್ತಿಲ್ಲ.

ರೇಣವ್ವ: ನರಪಿಳ್ಳೆಗೂ ಗೊತ್ತಿಲ್ಲಂದ್ರ ನಿಮಗ ಯಾರು ಹೇಳಿದ್ರು?

ಬುಡ್ಡೇಸಾಬ: ನಾನ ಬರದೀನಲ್ಲವ್ವಾ!

ರೇಣವ್ವ: ಊರ ಮಂದೀನ್ನೆಲ್ಲ ಚಾಪಿ ಹಾಸಿ ಕುಂಡ್ರಿಸಿ ತೋರಸ್ತೀರಿ, ಗುಪ್ತ ಎಲ್ಲಿ ಉಳೀತು? ಹೋಗ್ಲಿ ಬಿಡ್ರಿ. ದೆವ್ವಾ ಓಡಸಾಕ ಸರಕಾರ ಯಾಕ? ನಾವು ಮುಂಬೈ ಸರಕಾರದಾಗ ಇದ್ದಾಗ ಒಂದು ನಿಂಬಿಹಣ್ಣು ಇಳಿಸಿ ಒಗದ್ರ ಹೋಗ್ತಿದ್ದವು. ಮೈಸೂರಿಗೆ ಕೂಡಿಸಿದ ಮ್ಯಾಲೆ ದೆವ್ವಕ್ಕೂ ಜೀಪು ಬೇಕಾತೇನು?

ಭಾಗಪ್ಪ: ಇದು ನಮ್ಮ ಕಡೆ ದೆವ್ವಲ್ಲಲೇ. ವಿಲಾಯತಿದು. ನಿಂಬಿಹಣ್ಣಿಗೆ ಬಗ್ಗೂದಿಲ್ಲ, ಬಳ್ಳೊಳ್ಳಿಗೆ ಅಂಜತೈತಿ.

ರೇಣವ್ವ: ಎದಕ್ಕ?

ಹೇಳಿದ್ದೇ ತಪ್ಪಾಯಿತೆಂದು ಭಾಗಪ್ಪನಿಗೆ ಆ ಕ್ಷಣವೇ ಹೊಳೆಯಿತು. ಅವನ ಗಂಗಾಳದಲ್ಲಿ ರೊಟ್ಟಿಯ ಪಕ್ಕಕ್ಕೆ ಬಳ್ಳೊಳ್ಳಿ ಖಾರ ಕೆಂಪಗೆ ಕೂತಿತ್ತು. ಮುಚ್ಚಿಡಲು ಕೈ ಚಾಚಿದ, ಹೊತ್ತು ಮೀರಿತ್ತು.

ರೇಣವ್ವ: ಬಳ್ಳೊಳ್ಳಿ ಖಾರಾ ಇಲ್ಲಂದ್ರ ರೊಟ್ಟೀನ ಮುರಿಯಂಗಿಲ್ಲ, ಇವರು ಬಳ್ಳೊಳ್ಳಿಗೆ ಅಂಜೂ ದೆವ್ವ! ಈ ಜಿಲ್ಲಾದಾಗ ಯಾರ ಕುತಗಿ ಕಚ್ಚಿದ್ರೂ ಬಳ್ಳೊಳ್ಳಿನ ನಾರತೈತಿ. ಪಾಪ, ಅದು ಬಂದ ದಿನಾನ ಉಪಾಸ ಬಿದ್ದು ಸಾಯ್ತೈತಿ. ಇದಕ್ಕೊಂದು ಗುಪ್ತ ಪಡೆ!

ಬುಡ್ಡೇಸಾಬ: ಯಾ ಅಲ್ಲಾ, ಇದು ನನಗ ಹೊಳದ ಇರಲಿಲ್ಲ ನೋಡು.

ರೇಣವ್ವ: ಮತ್ತ ಇವರು ಕಚ್ಚೂದು ಯಾರ ಕುತಗಿ? ಯಾವ ಊರಾಕಿನ್ನ ತರಸಾಕತ್ತೀರಿ? ಅದನ್ನರ ಹೇಳ್ರಿ.

ಭಾಗಪ್ಪ: ಯಾವಾಕಿನೂ ಅಲ್ಲ ಮಾರಾಯ್ತಿ! ಅರಕೇರಿ ಅಮಸಿದ್ದ. ಹೆಣ್ಣಿನ ಪಾರ್ಟು ಅಂವಂದು.

ರೇಣವ್ವ: ಕುರಿ ಕಾಯೂ ಅಮಸಿದ್ದ? ಅಷ್ಟಗಲ ಮೀಸಿ ಇಟ್ಟಾನಲ್ರಿ ಅಂವ?

ಬುಡ್ಡೇಸಾಬ: ಬೋಳಿಸಾಕ ಒಪ್ಪವಲ್ಲ ತಂಗಿ. ಅದಕ್ಕ ನಾಯಕಿಗೆ ಮೊದಲಿಂದ ಕಡೀತನಾ ಸೆರಗು ಬಾಯಿಗೆ ಹಿಡಕೊಂಡು ಅಳೂದ ಬರದೀನಿ.

ರೇಣವ್ವನಿಗೆ ನಗು ಬಂದೇ ಬಂತು. ಆದರೆ ನಕ್ಕರೆ ಸೋತಂತೆ ಎಂದು ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಇನ್ನೇನು ಗೆದ್ದೆ ಅಂದುಕೊಂಡ ಭಾಗಪ್ಪ. ಹೆಂಡತಿಯನ್ನು ಅವನು ಇಷ್ಟು ವರ್ಷವಾದರೂ ಅರಿತವನಲ್ಲ.

ರೇಣವ್ವ: ಅದೆಲ್ಲಾ ನಿಮ್ಮ ಹಣೇಬಾರ. ನನಗ ಆಯೇರಿದು ಚಿಂತಿ. ಇವರನ್ನ ಆ ಗುಪ್ತ ಪಡೆ ಸಾಹೇಬನ್ನ ಮಾಡ್ರಿ. ಸರಕಾರಿ ಸಾಹೇಬಗ ರುಮಾಲ ಸುತ್ತಿದ್ರ ನಮ್ಮಪ್ಪಗೂ ಒಂದು ಮಾನ.

ಬುಡ್ಡೇಸಾಬ: ಸಾಹೇಬನ ಪಾರ್ಟು ಖಾಲಿ ಆಗೈತಿ ಖರೆ. ಸೊಲ್ಲಾಪುರದ ಗಿರಣ್ಯಾಗ ಕೆಲಸಾ ಸಿಕ್ತಂತ ಸಾಬಣ್ಣ ನಿನ್ನೆ ಹೋಗೇಬಿಟ್ಟ. ಅದನ್ನ ಹೇಳಾಕ ಬಂದೀನಿ. ಆದ್ರ ಪಿಶಾಚಿಗೆ ಇಂಥಾ ಹಲ್ಲು ನಾ ಎಲ್ಲಿ ತರಲವ್ವಾ?

ರೇಣವ್ವ: ಕುಂಬಳಕಾಯಿ ಬೀಜಾ ಅಂಟಸ್ರಿ.

ಭಾಗಪ್ಪ: ಮಾಸ್ತರ, ನಿಮ್ಮ ಕಾಲಿಗೆ ಬೀಳ್ತೀನಿ, ಒಪ್ಪಬ್ಯಾಡ್ರಿ!

ಬುಡ್ಡೇಸಾಬ: ಮನೀ ಮುರಿದು ನಾಟಕಾ ಮಾಡಾಕ ಆಗ್ತೈತೇನಪಾ? ಆತವ್ವಾ, ಸಾಹೇಬನ ಆಗಲಿ.

ಭಾಗಪ್ಪ ಮುರಿದ ರೊಟ್ಟಿಯನ್ನು ಗಂಗಾಳಕ್ಕೆ ಹಾಕಿಬಿಟ್ಟ. ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ನಿಂತು ಅವನು ಪಿಶಾಚಿಯ ನಗೆ ಕಲಿತಿದ್ದ. ಹಾದಿಯ ಎತ್ತುಗಳು ಬೆದರಿದ್ದಕ್ಕೆ ಗಾಡಿಯವರಿಂದ ಬೈಸಿಕೊಂಡಿದ್ದ. ಆ ನಗೆಯನ್ನು ಇನ್ನು ಎಲ್ಲಿ ನಗುವುದು? ಬಲು ದುಃಖವಾಯಿತು ಅವನಿಗೆ. ರೇಣವ್ವ ಮಾತ್ರ ಗೆದ್ದ ಹುರುಪಿನಲ್ಲಿ ಮಾಸ್ತರನಿಗೆ ಚಹಾಕ್ಕಿಟ್ಟಳು.

ರೇಣವ್ವ: ಸಾಹೇಬಗ ಡ್ರೆಸ್ ಎಂಥಾದ್ರಿ? ಟೊಪಿಗಿ, ಬೂಟು, ನಡಾ ಪಟ್ಟಾ?

ಬುಡ್ಡೇಸಾಬ: ಎಲ್ಲೀದವ್ವಾ? ಗುಪ್ತ ಅಲ್ಲೇನು? ಮಂದಿಗೆ ಗುರ್ತು ಹತ್ತಬಾರದು. ಧೋತರ, ಹಳೇ ಅಂಗಿ. ಈಗ ಹ್ಯಾಂಗ ಕುಂತಾನ ಹಂಗ.

ರೇಣವ್ವ: ಹಾಡರ ಅದಾವಿಲ್ಲ?

ಬುಡ್ಡೇಸಾಬ: ಹಾಡಿದ್ರ ಪಿಶಾಚಿ ಓಡಿ ಹೋಗೂದಿಲ್ಲೇನು? ಮೂರು ಅಂಕಾ ಗಿಡದ ಹಿಂದ ಸುಮ್ಮ ನಿಲ್ತಾನ. ಕಡೀಕ ಹೊರಗ ಬಂದು ಪಿಶಾಚಿ ಎದೀಗೆ ಗೂಟಾ ಜಡೀತಾನ.

ರೇಣವ್ವ: ಗಿಡದ ಹಿಂದ? ಮತ್ತ ಆ ಪಿಶಾಚಿಗೆ?

ಬುಡ್ಡೇಸಾಬ: ಕರೇ ಮಖಮಲ್ಲಿನ ನಿಲುವಂಗಿ, ಒಳಗ ಕೆಂಪು ಅಸ್ತರ. ನಾನ ಹೊಲಿಯಾಂವ ಅದೀನಿ. ಹಾಡಂತೂ ಎಲ್ಲಾ ಅವಂದ. ಗ್ಯಾಸ್‌ಬತ್ತಿ ಬೆಳಕು ಒಂದಿಷ್ಟೂ ಅತ್ತಿತ್ತ ಸರೀದಂಗ ಅವನ ಮ್ಯಾಲೆ.

ರೇಣವ್ವ ಗಂಡನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಡಾಂಬರು ಹತ್ತಿದ ಧೋತರ, ಹೆಗಲಿಗೆ ತೇಪೆ ಹಾಕಿದ ಅಂಗಿ. ಇದನ್ನು ಗಿಡದ ಹಿಂದೆ ನಿಲ್ಲಿಸಿ ಬಬಲೇಶ್ವರದ ಮಂದಿಗೆ ತೋರಿಸುವುದೇ? ಚಹಾ ಉಕ್ಕಿ ಒಲೆಗೆ ಸುರಿದರೂ ಅವಳಿಗೆ ಖಬರಿರಲಿಲ್ಲ.

ರೇಣವ್ವ: ಮಾಸ್ತರ, ಆ ಟೇಪು ತಗೀರಿ. ನಿಲುವಂಗಿಗೆ ಇವರ ಅಳತಿ ತಗೋರಿ. ಪಿಶಾಚೀನ ಇರಲಿ.

ಭಾಗಪ್ಪ: ಖರೇನ? ಮತ್ತ ಆಯೇರಿ?

ರೇಣವ್ವ: ದೆವ್ವಾ ಆಗೂ ಮೊದಲ ಅದು ಮನಶ್ಯಾನ ಇದ್ದಿರಬೇಕಲ್ರಿ? ನಮ್ಮಪ್ಪ ಆವಾಗ ಬಂದು ಸುತ್ತಿ ಹೋಗ್ತಾನ.

ಬುಡ್ಡೇಸಾಬ: ಶಾಬಾಸ್! ಮೊದಲನೇ ಅಂಕದಾಗ ಅಂವ ಊರಾಳೂ ದೇಸಾಯಿ, ಜೀವಂತ ಅದಾನ. ಆಯೇರಿ ಮುಗ್ಯೂ ತನಾ ಸಾವು ತಡಸಿದ್ರಾತು. ಹೋದ ವರ್ಷದ ನಾಟಕದಾಗ ಸತ್ತ ಸರದಾರ ಎದ್ದು ಕುಂತು ಉಂಗುರಾ ತೊಡಿಸಿಕೊಂಡು ಮತ್ತ ಸತ್ತಿರಲಿಲ್ಲೇನು? ಇದು ಅದಕ್ಕಿಂತ ಚಲೋ.

ಭಾಗಪ್ಪ ಎದ್ದು ನಿಂತು ಎರಡೂ ಕೈ ಅಗಲಿಸಿ ಎದೆಯ ಅಳತೆ ಕೊಟ್ಟ. ಅಷ್ಟರಲ್ಲಿ ಓಣಿಯಿಂದ "ಹಾದಿ ಬಿಡ್ರಲೇ!" ಎಂಬ ಗುಡುಗು ಕೇಳಿತು. ಅದು ಆಡುಗಳಿಗೆ ಹೇಳಿದ ಮಾತು. ಆದರೆ ಹಾದಿಯ ಮಂದಿಯೂ ಸರಿದು ನಿಂತರು. ರೇಣವ್ವನ ಅಪ್ಪ ರಾಯಪ್ಪ ಚೀಲ ಹಿಡಿದು ಒಳಗೆ ಬಂದ. ಅವನು ಭಾಗಪ್ಪನಿಗೆ ಸೋದರಮಾವನೂ ಹೌದು, ಮಾವನೂ ಹೌದು. ಅಕ್ಕನ ಮಗನೆಂದು ಮಗಳನ್ನು ಕೊಟ್ಟಿದ್ದನೇ ಹೊರತು, ಅಳಿಯನೆಂದು ಒಂದು ದಿನವೂ ಬಹುವಚನ ಕೊಟ್ಟವನಲ್ಲ.

ರಾಯಪ್ಪ: ನೀರು ಕೊಡು ಯವ್ವಾ. ಏ ಭಾಗ್ಯಾ, ಎರಡೂ ಕೈ ಮ್ಯಾಲೆತ್ತಿ ನಿಂತೀಯಲ್ಲ, ಪೊಲೀಸ್ರು ಬಂದಾರೇನಲೇ?

ರೇಣವ್ವ: ಅಳತಿ ಕೊಡಾಕತ್ತಾರ ಯಪ್ಪಾ. ನಾಟಕದಾಗ ದೇಸಾಯಿ ಆಗ್ಯಾರ.

ರಾಯಪ್ಪ: ದೇಸಾಯಿ? ಇಂವ?

ಬುಡ್ಡೇಸಾಬ: ಮೊದಲನೇ ಅಂಕಕ್ಕಷ್ಟರಿ. ಎರಡನೇದರಾಗ ಸತ್ತು ಪಿಶಾಚಿ ಆಗ್ತಾನ.

ರೇಣವ್ವ ಮಾಸ್ತರನನ್ನು ಸುಡುವಂತೆ ನೋಡಿದಳು. ರಾಯಪ್ಪ ಚೀಲ ಕೆಳಗಿಟ್ಟು ಮೀಸೆಯ ಮೇಲೆ ಕೈಯಾಡಿಸಿದ. ಮುಗೀತು ತನ್ನ ಪಾರ್ಟು ಎಂದು ಭಾಗಪ್ಪ ಎತ್ತಿದ ಕೈಗಳನ್ನು ಇಳಿಸಿಬಿಟ್ಟ.

ರಾಯಪ್ಪ: ಆಮ್ಯಾಲ?

ಬುಡ್ಡೇಸಾಬ: ಆಮ್ಯಾಲ ಸರಕಾರದ ಗುಪ್ತ ಪಡೆ ಸಾಹೇಬ ಬಂದು, ಇವನ್ನ ನೆಲಕ್ಕ ಕೆಡವಿ, ಎದಿ ಮ್ಯಾಲೆ ಕಾಲಿಟ್ಟು, ಗೂಟಾ ಜಡೀತಾನ್ರಿ.

ರಾಯಪ್ಪ: ಎದಿ ಮ್ಯಾಲೆ ಕಾಲು ಇಟ್ಟು?

ಬುಡ್ಡೇಸಾಬ: ಹೌದ್ರಿ.

ರಾಯಪ್ಪ: ಯಾರಂವ ಪುಣ್ಯಾತ್ಮ?

ಬುಡ್ಡೇಸಾಬ: ಅದ ಒಂದು ಪಾರ್ಟು ಖಾಲಿ ಬಿದ್ದೈತಿ ನೋಡ್ರಿ ರಾಯಪ್ಪಣ್ಣಾ... ಒಂದೀಟು ಅನ್ನರಿ: "ಎಲೈ ಪಿಶಾಚಿಯೇ, ಸರಕಾರದ ಕೈಯಿಂದ ತಪ್ಪಿಸಿಕೊಳ್ಳುವೆಯಾ?"

ರಾಯಪ್ಪ: ಎಲೈ ಪಿಶಾಚಿಯೇ!

ಅಂಗಳದ ಕೋಳಿಗಳು ಹಿತ್ತಲಿಗೆ ಓಡಿದವು. ಮುಂದಿನ ಮಾತು ಬೇಕೇ ಆಗಲಿಲ್ಲ. ಮಾಸ್ತರ ಕಣ್ಣೊರೆಸಿಕೊಂಡು, "ಸಾಬಣ್ಣ ಹೋಗಿದ್ದ ಚಲೋ ಆತು" ಎಂದ.

ರೇಣವ್ವ: ಯಪ್ಪಾ, ನೀನೂ ಬಣ್ಣಾ ಹಚ್ಚಿ ನಿಂತ್ರ ಇವರಿಗೆ ಆಯೇರಿ ಮಾಡವರು ಯಾರು?

ರಾಯಪ್ಪ ಚೀಲ ಬಿಚ್ಚಿದ. ರೇಷ್ಮೆ ರುಮಾಲು ಹೊರಬಂತು. ಭಾಗಪ್ಪ ತಲೆ ಬಗ್ಗಿಸಿಯೂ ಬಿಟ್ಟ. ಆದರೆ ರುಮಾಲು ಸುತ್ತು ಸುತ್ತಾಗಿ ರಾಯಪ್ಪನ ತಲೆಗೇ ಏರಿತು.

ರಾಯಪ್ಪ: ಸಾಹೇಬಾದಂವ ಹಳೇ ರುಮಾಲ ಸುತ್ತಿಕೊಂಡು ನಿಂತ್ರ ಸರಕಾರದ ಮಾನ ಏನಾಗಬೇಕು?

ಬುಡ್ಡೇಸಾಬ: ಗುಪ್ತ ಸಾಹೇಬರಿ, ಮಂದಿಗೆ ಗುರ್ತು...

ರಾಯಪ್ಪ: ಗುಪ್ತಾ ಹೊಟ್ಟ್ಯಾಗ ಇರ್ತೈತಿ ಮಾಸ್ತರ, ತಲೀ ಮ್ಯಾಲಲ್ಲ.

ಭಾಗಪ್ಪ: ಮಾವಾರ, ಉಂಗುರರ...

ರಾಯಪ್ಪ: ಅದೂ ನನಗ ಬೇಕು. ಗೂಟಾ ಬಿಗಿ ಹಿಡ್ಯಾಕ ಬರತೈತಿ.

ಮೂಲೆಯಲ್ಲಿ ಒನಕೆ ನಿಂತಿತ್ತು. ರಾಯಪ್ಪ ಅದನ್ನು ಎತ್ತಿ ತೂಗಿ ನೋಡಿದ. ಅವನ ಮುಖದಲ್ಲಿ ಅಂಥ ಕಳೆಯನ್ನು ರೇಣವ್ವ ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ರಾಯಪ್ಪ: ಅಳಿಯಾರ, ಹಿಂಗ ಅಂಗಾತ ಮಲಗ್ರಿ. ತಾಲೀಮು ಒಂದು ಈಗ ಆಗೇಬಿಡ್ಲಿ.

ಅಳಿಯಾರ! ಮಲಗ್ರಿ! ಭಾಗಪ್ಪನ ಎದೆ ತುಂಬಿ ಬಂತು. ಪಾರ್ಟು ತನ್ನದಾಯಿತು, ಮಾವನ ಬಾಯಿಂದ ಬಹುವಚನವೂ ಬಂತು; ರುಮಾಲು ಹೋದರೆ ಹೋಗಲಿ ಎಂದು ಸಂತೋಷದಿಂದಲೇ ನೆಲಕ್ಕೆ ಮಲಗಿದ. ಮಾವ ಎದೆಯ ಮೇಲೆ ಕಾಲಿಟ್ಟು, ಧೋತರ ಮೇಲೆ ಕಟ್ಟಿ, ಎರಡೂ ಕೈಯಿಂದ ಒನಕೆಯನ್ನು ತೊಲೆಯ ತನಕ ಎತ್ತಿದ.

ಬುಡ್ಡೇಸಾಬ: ಯಾಕ ಹಂಗ ನಡಗತೀಯೋ ಭಾಗಪ್ಪಾ? ಇದು ಬರೇ ನಾಟಕಪಾ!

ಭಾಗಪ್ಪ: ನನಗ ಗೊತ್ತೈತ್ರಿ ಮಾಸ್ತರ. ಮಾವಾರಿಗೆ ಗೊತ್ತೈತೇನು, ಒಂದೀಟು ಕೇಳ್ರಿ!