ಗೆದ್ದಲಿಗೆ ಕಾವಲು

ಗೋಡೆಯ ಮೂಲೆಯಲ್ಲಿ ಒಂದು ಮಣ್ಣಿನ ಗೆರೆ. ಪೆನ್ಸಿಲಿನಷ್ಟು ದಪ್ಪ, ಮೊಳದಷ್ಟು ಉದ್ದ. ಅದನ್ನು ಕಂಡ ದಿನವೇ ಹೆಂಡತಿ, “ರೀ, ಇದು ಗೆದ್ದಲಿನ ದಾರಿ ಕಣ್ರೀ, ಯಾರನ್ನಾದ್ರೂ ಕರೆಸಿ” ಅಂದಿದ್ದಳು. “ಬರೀ ಮಣ್ಣು ಕಣೇ, ಭಾನುವಾರ ಒರೆಸಿಬಿಡ್ತೀನಿ” ಅಂದಿದ್ದ ಗಂಡ. ಆಮೇಲೆ ಆರು ತಿಂಗಳ ಭಾನುವಾರಗಳು ಬಂದವು, ಹೋದವು. ಗೆರೆ ಮೆಲ್ಲಗೆ ಬೆಳೆದು ಮರದ ಬೀರುವಿನ ಹಿಂದೆ ಮರೆಯಾಯಿತು. “ನೋಡಿದ್ಯಾ? ತಾನಾಗೇ ಹೋಯ್ತು” ಎಂದು ಗಂಡ ಮಗ್ಗುಲು ಬದಲಿಸಿದ.

ಬೀದಿಯವರು ಇವನನ್ನು ಭಾನುವಾರಪ್ಪ ಅಂತ ಸುಮ್ಮನೆ ಕರೆಯುತ್ತಿರಲಿಲ್ಲ. ನಲ್ಲಿ ಸೋರಿದರೆ ಭಾನುವಾರ, ಬಲ್ಬು ಹೋದರೆ ಭಾನುವಾರ, ಹಲ್ಲು ನೋವು ಬಂದರೂ ಭಾನುವಾರ. ಅಂಚೆ ಕಚೇರಿಯಲ್ಲಿ ಆರು ದಿನ ಕಾಗದ ವಿಂಗಡಿಸುವ ಈ ಗುಮಾಸ್ತ, ಏಳನೇ ದಿನ ಹಾಸಿಗೆ ಬಿಟ್ಟು ಎದ್ದದ್ದನ್ನು ನೋಡಿದವರಿಲ್ಲ.

ಹೆಂಡತಿ ಬಟ್ಟೆ ಹೊಲಿಯುವವಳು. ಹದಿನೆಂಟು ವರ್ಷದಿಂದ ಕತ್ತರಿಸಿ ಕೂಡಿಟ್ಟ ಅಳತೆಯ ಕಾಗದಗಳು ಆ ಬೀರುವಿನಲ್ಲಿದ್ದವು. ತೋಳಿನದು, ಕೊರಳಿನದು, ಬೆನ್ನಿನದು, ಒಂದೊಂದರ ಮೇಲೂ ಗಿರಾಕಿಯ ಗುರುತು. ಹನ್ನೊಂದು ದಿನದ ಹಿಂದೆ ಅವಳು ಒಂದು ಕಟ್ಟು ಹೊರಗೆಳೆದಳು. ಮೇಲಿನ ಹಾಳೆ ನೆಟ್ಟಗಿತ್ತು. ಅದರ ಕೆಳಗೆ ಕಾಗದವೇ ಇರಲಿಲ್ಲ, ಬರೀ ಮಣ್ಣು, ಮಣ್ಣಿನೊಳಗೆ ಮಿಜಿಗುಡುವ ಬಿಳಿ ಹುಳು. ಅವಳು ಕೂಗಾಡಲಿಲ್ಲ. ನೆಲದ ಮೇಲೆ ಕೂತು ಮನಸ್ಸು ಹಗುರಾಗುವಷ್ಟು ಅತ್ತಳು, ಮೂಗು ಒರೆಸಿಕೊಂಡಳು, ಚೀಲ ತುಂಬಿಕೊಂಡಳು.

“ಅಕ್ಕನ ಮನೆಗೆ ಹೋಗ್ತೀನಿ. ಗೆದ್ದಲು ಹೋಗುತ್ತೆ ಅಂತ ಔಷಧಿಯವರೇ ನನ್ನ ಕಿವಿಗೆ ಹೇಳ್ಬೇಕು. ಅಲ್ಲೀವರೆಗೂ ಈ ಹೊಸ್ತಿಲು ತುಳಿಯಲ್ಲ. ನಿಮ್ಮ ಮಾತು ನಂಬಿ ಹದಿನೆಂಟು ವರ್ಷ ಮಣ್ಣಾಯ್ತು.”

ಹನ್ನೊಂದು ದಿನ ತಾನೇ ಬೇಯಿಸಿದ ಅನ್ನ ತಿಂದ ಭಾನುವಾರಪ್ಪನಿಗೆ ಹೆಂಡತಿಯ ಬೆಲೆ ಚೆನ್ನಾಗಿ ತಿಳಿಯಿತು. ರಾತ್ರಿ ಹೊಲಿಗೆ ಯಂತ್ರದ ಟಕಟಕ ಕೇಳದೆ ನಿದ್ದೆಯೂ ಹತ್ತುತ್ತಿರಲಿಲ್ಲ. ಕೊನೆಗೆ ಬುಧವಾರ, ಹೌದು, ಬುಧವಾರವೇ, ಜ್ವರ ಎಂದು ರಜೆ ಚೀಟಿ ಬರೆದುಕೊಟ್ಟು ಗೆದ್ದಲು ಔಷಧಿಯವರನ್ನು ಮನೆಗೆ ಕರೆಸಿದ.

ಔಷಧಿಯವರು ತೆಳ್ಳಗಿನ ಮನುಷ್ಯ. ಒಳಗೆ ಕಾಲಿಟ್ಟವರೇ ಚಪ್ಪಲಿ ಬಿಟ್ಟು, ಮಗು ಮಲಗಿದ ಕೋಣೆಗೆ ಬಂದವರಂತೆ ಪಿಸುದನಿಗೆ ಇಳಿದರು. ಬಾಗಿಲ ಚೌಕಟ್ಟಿನ ಪಕ್ಕ ಹೊಸದಾಗಿ ಎದ್ದಿದ್ದ ಮಣ್ಣಿನ ಗೆರೆಯಲ್ಲಿ ಉಗುರಿನಷ್ಟು ಕಿಂಡಿ ತೆಗೆದು, ಅದರ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಅಂಟಿಸಿದರು. ಅದರೊಳಗೆ ಮರದ ಹೊಟ್ಟು ಒತ್ತಿ ಮಾಡಿದ ನಾಲ್ಕು ಬಿಸ್ಕತ್ತು ಜೋಡಿಸಿ ಮುಚ್ಚಳ ಹಾಕಿದರು.

“ಇದ್ರಲ್ಲಿ ನಿಧಾನಕ್ಕೆ ಏರೋ ವಿಷ ಇದೆ ಸಾರ್. ಆಳು ಗೆದ್ದಲು ತಿನ್ನುತ್ತೆ, ನೆಲದೊಳಗಿನ ಗೂಡಿಗೆ ಹೋಗಿ ಎಲ್ಲರಿಗೂ ಹಂಚುತ್ತೆ, ರಾಣಿಗೂ ತಿನ್ನಿಸುತ್ತೆ. ಸಂಸಾರವೇ ಮುಗೀತು. ಆದ್ರೆ ಇವತ್ತು ಅವನ್ನ ಬೀಗರ ಥರ ನೋಡ್ಕೋಬೇಕು. ಗೋಡೆ ಬಡಿಯೋ ಹಾಗಿಲ್ಲ, ನೀರು ಸೀಮೆಎಣ್ಣೆ ಸುರಿಯೋ ಹಾಗಿಲ್ಲ, ಕೂಗಾಡೋ ಹಾಗಿಲ್ಲ. ಒಂದ್ಸಲ ಬೆದರಿದ್ರೆ ಈ ದಾರಿ ಮುಚ್ಚಿ ಬೇರೆ ದಾರಿ ಹಿಡೀತವೆ.”

“ಆಮೇಲೆ ಇನ್ನೊಂದು ಡಬ್ಬಿ ಇಟ್ರಾಯ್ತಲ್ಲ?” ಭಾನುವಾರಪ್ಪನೂ ಪಿಸುಗುಟ್ಟಿದ.

“ಎಲ್ಲಿಂದ ತರ್ಲಿ? ನನ್ನ ಹತ್ರ ಉಳಿದಿದ್ದೇ ಈ ನಾಲ್ಕು. ಹೊಸ ಸರಕು ಬರೋಕೆ ಎರಡು ತಿಂಗಳು. ಸಂಜೆ ಐದಕ್ಕೆ ಬರ್ತೀನಿ. ಒಂದು ಬಿಸ್ಕತ್ತಿನ ಅಂಚಲ್ಲಿ ಹಲ್ಲಿನ ಗುರುತು ಕಂಡ್ರೂ ಸಾಕು, ಗೆದ್ದ ಹಾಗೇ. ಅಮ್ಮಾವ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಹುಷಾರು, ಮುಚ್ಚಳಕ್ಕೆ ಬೀಗ ಗೀಗ ಇಲ್ಲ, ಬೆರಳು ತಾಗಿದ್ರೆ ತೆಗೆದುಕೊಳ್ಳುತ್ತೆ.”

ಭಾನುವಾರಪ್ಪ ಚಾಪೆ ಹಾಸಿ ಡಬ್ಬಿಯ ಎದುರೇ ಕೂತ. ಜೀವನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಇವತ್ತೇ, ಈಗಲೇ, ನೆಟ್ಟಗೆ ಮಾಡಿ ಮುಗಿಸಬೇಕೆಂದು ಹಟ ಹುಟ್ಟಿತ್ತು.

ಹತ್ತು ನಿಮಿಷ ಆಗಿರಲಿಲ್ಲ, ಪಕ್ಕದ ಮನೆಯ ಓವರ್ಸಿಯರ್ ಸಾಹೇಬರು ಡಬ್ಬದ ತುಂಬ ಸೀಮೆಎಣ್ಣೆ ಹಿಡಿದು ಒಳನುಗ್ಗಿದರು. ನಿವೃತ್ತರಾದರೂ ದನಿ ಮಾತ್ರ ಇನ್ನೂ ಕಟ್ಟಡದ ಮೂರನೇ ಮಹಡಿಗೆ ಕೇಳಿಸುವಂಥದ್ದು.

“ಏನ್ರೀ! ಗೆದ್ದಲಂತೆ! ಔಷಧಿಯವನು ಬಂದಿದ್ದನ್ನ ನೋಡಿದೆ. ಅವನಿಗೇನ್ರೀ ಗೊತ್ತು? ನಲವತ್ತು ವರ್ಷ ಕಟ್ಟಡ ಕಟ್ಟಿಸಿದವನು ನಾನು. ಇದನ್ನ ಸುರಿದ್ರೆ ಒಂದೂ ಉಳಿಯಲ್ಲ!”

ಭಾನುವಾರಪ್ಪ ಚಂಗನೆ ಹಾರಿ ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತ. “ಸಾರ್, ಮೆಲ್ಲಗೆ! ಅವು ಊಟ ಮಾಡ್ತಿವೆ!”

“ಯಾರು?”

“ಗೆದ್ದಲು ಸಾರ್.”

ಓವರ್ಸಿಯರ್ ಅವನ ಹಣೆ ಮುಟ್ಟಿ ನೋಡಿದರು. ಭಾನುವಾರಪ್ಪ ಕೈಮುಗಿದು ವಿಷ, ಆಳು, ರಾಣಿ ಎಲ್ಲವನ್ನೂ ವಿವರಿಸಿದ. ಕೇಳುತ್ತಾ ಕೇಳುತ್ತಾ ಅವರ ದನಿ ಇಳಿಯಿತು.

“ಹಂಗಾದ್ರೆ ಚೌಕಟ್ಟಿಗೆ ಹಿಡಿದಿದ್ರೂ ಆಗುತ್ತಾ? ಕಿಟಕಿಗೆ?”

“ಎಲ್ಲಕ್ಕೂ ಆಗುತ್ತಂತೆ. ಯಾಕ್ ಸಾರ್, ನಿಮ್ಮನೇಲೂ...”

“ನಮ್ಮನೇಲಾ! ಏನ್ ಮಾತು ಅಂತ ಆಡ್ತೀರಿ! ನಾನೇ ನಿಂತು ಕಟ್ಟಿಸಿದ ಮನೆ ಅದು!” ಎಂದು ಗುಡುಗಿ, ಆಮೇಲೆ ತಣ್ಣಗೆ, “ಗಂಟಲು ಒಣಗಿಹೋಯ್ತು. ಒಂದು ಲೋಟ ನೀರು ಕೊಡ್ರೀ” ಅಂದರು. ಭಾನುವಾರಪ್ಪ ನೀರು ತಂದ. ಅವರು ಗಟಗಟ ಕುಡಿದು, ಬಂದದ್ದಕ್ಕಿಂತ ಬೇಗ ಹೊರಟುಹೋದರು. ಸೀಮೆಎಣ್ಣೆ ಡಬ್ಬವನ್ನೂ ಮರೆತರು.

ಮುಂದಿನ ಸರದಿ ಎದುರುಮನೆ ದೊಡ್ಡಮ್ಮನದು. ಬೀದಿಗೆಲ್ಲ ಅವರು ದೊಡ್ಡಮ್ಮನೇ. ಯಾರ ಮನೆಯಲ್ಲಿ ಸೀನಿದರೂ ಔಷಧಿ ಹಿಡಿದು ಬರುವವರು. ಈಗ ಪಾತ್ರೆ ತುಂಬ ಕುದಿಯುವ ನೀರು ಹಿಡಿದು ಬಂದಿದ್ದರು.

“ಸರಿಯೋ ಆ ಕಡೆ! ಬಿಸಿನೀರು ಹುಯ್ದು ಬಿಡ್ತೀನಿ, ಸತ್ತು ಬೀಳ್ತವೆ ದರಿದ್ರದವು!”

“ದೊಡ್ಡಮ್ಮ, ಬೇಡ! ನಿಮ್ಮ ಕಾಲಿಗೆ ಬೀಳ್ತೀನಿ!”

ಕಾಲಿಗೆ ಬೀಳಲು ಬಗ್ಗಿದ್ದೇ ತಪ್ಪಾಯಿತು. ತಲೆ ಪಾತ್ರೆಗೆ ತಾಗಿತು, ಅರ್ಧ ನೀರು ಅವನ ಎಡಗಾಲಿನ ಮೇಲೆ ಸುರಿಯಿತು. ಬೇರೆ ಯಾರಾದರೂ ಆಗಿದ್ದರೆ ಊರು ಕೇಳುವಂತೆ ಅರಚುತ್ತಿದ್ದರು. ಭಾನುವಾರಪ್ಪ ಬಾಯಿಗೆ ಟವೆಲು ತುರುಕಿಕೊಂಡು, ಶಬ್ದ ಆಗದ ಹಾಗೆ ಒಂಟಿ ಕಾಲಲ್ಲಿ ಕೋಣೆ ಸುತ್ತಿದ. ಕಣ್ಣಲ್ಲಿ ನೀರು ದಳದಳ ಇಳಿಯಿತು.

“ಅಯ್ಯೋ ಕಂದ, ಕೂಗಿಬಿಡೋ, ಒಳಗೇ ಇಟ್ಕೋಬೇಡ!”

ಅವನು ಟವೆಲು ತೆಗೆದು, “ಕೂಗಿದ್ರೆ ಅವು ಬೆದರ್ತವೆ ದೊಡ್ಡಮ್ಮ” ಅಂದ. ದೊಡ್ಡಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು. ಅವರಿಗೂ ಪೂರ್ತಿ ವಿವರಿಸಬೇಕಾಯಿತು. ಅವರು ಡಬ್ಬಿಯನ್ನೇ ದಿಟ್ಟಿಸಿ ನೋಡಿದರು. “ಒಂದು ಬೀರುವಿಗೆ ಎಷ್ಟು ಬಿಲ್ಲೆ ಬೇಕಾಗುತ್ತೋ? ಸುಮ್ನೆ ಕೇಳ್ದೆ. ನಮ್ಮನೇಲಿ ಆ ಪೀಡೆ ಕಂಡವರಿಲ್ಲಪ್ಪ. ಹೋಗು, ಕಾಲಿಗೆ ತಣ್ಣೀರು ಹಾಕ್ಕೋ ಹೋಗು. ನಿನ್ನ ಗೆದ್ದಲನ್ನ ನಾನು ನೋಡ್ಕೋತೀನಿ.”

ಅವನು ಬಚ್ಚಲಿನಿಂದ ಕುಂಟುತ್ತಾ ಬರುವಷ್ಟರಲ್ಲಿ ದೊಡ್ಡಮ್ಮ ಬಾಗಿಲು ದಾಟುತ್ತಿದ್ದರು. ಬೀದಿಗಿಳಿದವರು ಸುಮ್ಮನೆ ಹೋದರೇ? ಭಾನುವಾರಪ್ಪ ಗೆದ್ದಲು ಸಾಕಿಕೊಂಡಿದ್ದಾನೆ, ಅವಕ್ಕೆ ಬಿಸ್ಕತ್ತು ತಿನ್ನಿಸುತ್ತಾನೆ, ಕಾಲು ಬೆಂದರೂ ಅವುಗಳ ನಿದ್ದೆ ಕೆಡುತ್ತದೆಂದು ಕೂಗುವುದಿಲ್ಲ, ಪಾಪ, ಹೆಂಡತಿ ಬಿಟ್ಟುಹೋದ ಕೊರಗು ತಲೆಗೆ ಹತ್ತಿದೆ ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಬೀದಿಯ ಆ ತುದಿ ಮುಟ್ಟಿತು.

ಮಧ್ಯಾಹ್ನ ಕಚೇರಿಯ ಹೆಡ್ ಗುಮಾಸ್ತರು ಜ್ವರ ವಿಚಾರಿಸಲು ಬಂದರು. ಜ್ವರಕ್ಕಿಂತ ರಜೆ ಚೀಟಿಯ ಮೇಲೆ ಅನುಮಾನ ಅವರಿಗೆ. ನೋಡಿದರೆ ಗುಮಾಸ್ತ ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಯ ಮುಂದೆ ಮಲಗಿ, ತುಟಿಯ ಮೇಲೆ ಬೆರಳಿಟ್ಟು “ಶ್” ಅನ್ನುತ್ತಿದ್ದಾನೆ.

ಹೆಡ್ ಗುಮಾಸ್ತರಿಗೆ ಒಂದು ಚಾಳಿ. ಮಾತಾಡುವಾಗ ಎದುರು ಸಿಕ್ಕಿದ್ದನ್ನೆಲ್ಲ ಪೆನ್ನಿನ ತುದಿಯಿಂದ ಕುಟ್ಟುತ್ತಾರೆ. “ಏನ್ರೀ ಇದು ವೇಷ” ಎಂದು ಚೌಕಟ್ಟಿನ ಮೇಲೆ ಟಕ್ ಎನ್ನಿಸುವಷ್ಟರಲ್ಲಿ ಭಾನುವಾರಪ್ಪ ಮೇಲಧಿಕಾರಿಯ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಎದೆಗೊತ್ತಿಕೊಂಡ. ಹಾಗೇ ಹಿಡಿದುಕೊಂಡೇ ಮೂರನೇ ಸಲ ಅದೇ ಪುರಾಣ ಒಪ್ಪಿಸಿದ.

“ಅಂದ್ರೆ ಜ್ವರ ಇಲ್ಲ” ಅಂದರು ಹೆಡ್ ಗುಮಾಸ್ತರು.

“ಇಲ್ಲ ಸಾರ್.”

“ಸುಳ್ಳು ರಜೆ. ಬರೆದು ಕಳಿಸಲಾ ಮೇಲಕ್ಕೆ?” ಅಷ್ಟು ಹೇಳಿ ಅವರು ಗಲ್ಲ ಕೆರೆದುಕೊಂಡರು. “ಇರ್ಲಿ ಬಿಡಿ. ಮಂಚದ ಕಾಲಿಗೆ ಹಿಡಿದಿದ್ರೂ ಇದೇ ಔಷಧೀನಾ?”

ಅಷ್ಟರಲ್ಲಿ ಫೋನು. ಹೆಂಡತಿ! ಭಾನುವಾರಪ್ಪ ಅದನ್ನು ಬನಿಯನ್ನಿನೊಳಗೆ ಅದುಮಿಕೊಂಡು ಹಿತ್ತಲಿಗೆ ಓಡಿದ.

“ಏನ್ರೀ, ಗೆದ್ದಲಿಗೆ ಬಿಸ್ಕತ್ತು ತಿನ್ನಿಸ್ತಾ ಕೂತಿದ್ದೀರಂತೆ? ದೊಡ್ಡಮ್ಮ ಫೋನ್ ಮಾಡಿ ಅಳ್ತಿದ್ರು!”

“ಹಂಗಲ್ಲ ಕಣೇ, ಅದು ವಿಷದ ಬಿಸ್ಕತ್ತು. ಐದು ಗಂಟೆಗೆ ಔಷಧಿಯವರೇ ಬಂದು ಹೇಳ್ತಾರೆ. ನೀನು ಬಂದುಬಿಡೇ. ನಿನ್ನ ಕಣ್ಣೆದುರೇ ಡಬ್ಬಿ ತೆಗೆಸ್ತೀನಿ. ಈ ಸಲ ನಾನೇ ಕೂತು ಕಾವಲು ಕಾದಿದ್ದೀನಿ.”

“ನೀವಾ? ಬುಧವಾರಾನಾ?” ದನಿ ಮೆತ್ತಗಾಗಿತ್ತು. “ಸರಿ, ಬರ್ತೀನಿ.”

ಅವನು ಒಳಗೆ ಬಂದಾಗ ಹೆಡ್ ಗುಮಾಸ್ತರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. “ಎರಡು ದಿನ ಜಾಸ್ತಿ ರಜೆ ತಗೊಳ್ರೀ” ಎಂದು, ಹಿಂದೆಂದೂ ಇಲ್ಲದ ನಗು ನಕ್ಕು ಹೋದರು. ದೇವರಂಥ ಮನುಷ್ಯ ಅಂದುಕೊಂಡ ಭಾನುವಾರಪ್ಪ.

ಐದು ಗಂಟೆಗೆ ಮನೆ ತುಂಬಿತ್ತು. ಹೆಂಡತಿ ಬಂದಿದ್ದಳು, ಚೀಲದ ಜೊತೆ ಒಂದು ದೊಡ್ಡ ಕಟ್ಟು. ಹನ್ನೊಂದು ದಿನ ಅಕ್ಕನ ಮನೆಯಲ್ಲಿ ಕೂತು ನೆನಪಿನಿಂದಲೇ ಹೊಸದಾಗಿ ಕತ್ತರಿಸಿದ ಅಳತೆಯ ಕಾಗದ. ಗಂಡನ ಸುಟ್ಟ ಕಾಲು ನೋಡಿ, “ಎಷ್ಟು ಒದ್ದಾಡಿದ್ದೀರಿ” ಎಂದು ಮೆಲ್ಲಗೆ ಅಂದಳು. ಆ ಒಂದು ಮಾತಿಗೆ ಇನ್ನೊಂದು ಕಾಲನ್ನೂ ಬೇಯಿಸಿಕೊಳ್ಳಲು ಅವನು ಸಿದ್ಧನಿದ್ದ. ಓವರ್ಸಿಯರ್ ಮತ್ತು ದೊಡ್ಡಮ್ಮ ಬಾಗಿಲ ಹತ್ತಿರವೇ ನಿಂತಿದ್ದರು.

ಔಷಧಿಯವರು ಮಂಡಿಯೂರಿ ಮುಚ್ಚಳ ತೆಗೆದರು. ಒಳಗೆ ಇಣುಕಿದರು. ಟಾರ್ಚು ಬಿಟ್ಟು ಮತ್ತೆ ಇಣುಕಿದರು. ಮುಖ ಸುಣ್ಣ ಬಳಿದ ಹಾಗಾಯಿತು.

ಡಬ್ಬಿ ಖಾಲಿ.

“ಸಾರ್, ಇದನ್ನ ಯಾರಾದ್ರೂ ಮುಟ್ಟಿದ್ರಾ?”

ಹೆಂಡತಿ ಗಂಡನ ಮುಖ ನೋಡಿದಳು. ಭಾನುವಾರಪ್ಪ ಎದೆಯುಬ್ಬಿಸಿದ. “ಮುಟ್ಟೋದಾ? ಬೆಳಗ್ಗೆಯಿಂದ ಒಂದು ನಿಮಿಷ ಇದರ ಮೇಲಿಂದ ಕಣ್ಣು ತೆಗೆದಿಲ್ಲ. ಒಂದು ನೊಣವನ್ನೂ ಹತ್ರ ಬಿಟ್ಟಿಲ್ಲ. ಎಲ್ಲಾ ತಿಂದ್ವಾ? ಗೆದ್ವಿ ಅಲ್ವಾ?”

“ಗೆಲ್ಲೋದೆಲ್ಲಿ ಬಂತು ಸಾರ್!” ಔಷಧಿಯವರು ಮೊದಲ ಸಲ ದನಿಯೆತ್ತಿದರು. “ಈ ನಾಲ್ಕು ಬಿಸ್ಕತ್ತು ತಿನ್ನೋಕೆ ಒಂದು ಗೂಡಿಗೆ ಎರಡು ತಿಂಗಳು ಬೇಕು. ಎಂಟು ಗಂಟೇಲಿ ಪುಡೀನೂ ಬಿಟ್ಟಿಲ್ಲ ಅಂದ್ರೆ, ಈ ನೆಲದ ಕೆಳಗೆ ಊರಿಗೆ ಊರೇ ಇದೆ! ಇಪ್ಪತ್ತು ವರ್ಷದಲ್ಲಿ ನಾನು ಇಂಥದ್ದು ಕಂಡಿಲ್ಲ. ಚೌಕಟ್ಟು ಬಿಚ್ಚಬೇಕು, ನೆಲ ಅಗೆಸಬೇಕು. ಅಮ್ಮಾ, ನೀವು ಈ ಮನೇಲಿ ಒಂದು ದಾರವನ್ನೂ ಇಡಬೇಡಿ!”

ಹೆಂಡತಿ ಕಾಗದದ ಕಟ್ಟನ್ನು ಮಗುವಿನಂತೆ ತಬ್ಬಿಕೊಂಡಳು.

“ಬಾ ತಾಯಿ, ನಮ್ಮನೇಗೆ ಬಾ” ಎಂದರು ದೊಡ್ಡಮ್ಮ. “ಎದುರಿಗೇ ಇದ್ರೆ ನಿನ್ನ ಗಿರಾಕಿಗಳಿಗೂ ಅನುಕೂಲ. ಕಾಗದ ಎಲ್ಲಾ ನಮ್ಮ ಬೀರುವಿನಲ್ಲಿ ಇಟ್ಕೋ.” ಅವಳ ಚೀಲ ಎತ್ತಿಕೊಂಡು ಅವರೇ ಮುಂದೆ ನಡೆದರು. ನೆಲ ಅಗೆಯುವ ಆಳುಗಳನ್ನು ಕರೆತರುತ್ತೇನೆಂದು ಔಷಧಿಯವರೂ ಹೋದರು.

ಭಾನುವಾರಪ್ಪ ಖಾಲಿ ಡಬ್ಬಿಯ ಮುಂದೆ ಕುಸಿದು ಕೂತ. ಎಲ್ಲರೂ ಹೋದ ಮೇಲೂ ಓವರ್ಸಿಯರ್ ಮಾತ್ರ ನಿಂತೇ ಇದ್ದರು. ಅತ್ತಿತ್ತ ನೋಡಿ ಹತ್ತಿರ ಬಂದು ಜೇಬಿನಿಂದ ಕರವಸ್ತ್ರ ತೆಗೆದರು.

“ಅಲ್ರೀ, ಇದನ್ನ ಗೋಡೆಗೆ ಅಂಟಿಸ್ಬೇಕಾ, ನೆಲದಲ್ಲಿ ಇಟ್ರೂ ಆಗುತ್ತಾ?”

ಕರವಸ್ತ್ರದೊಳಗೆ ಎರಡು ಬಿಸ್ಕತ್ತು ಇದ್ದವು.

“ಸಾರ್! ನೀವಾ!”

“ಶ್! ಎರಡೇ ಕಣ್ರೀ ನಾನು ತಗೊಂಡಿದ್ದು. ಇನ್ನೊಂದನ್ನ ಆ ದೊಡ್ಡಮ್ಮ ಸೆರಗಲ್ಲಿ ಗಂಟು ಹಾಕ್ಕೊಂಡಿದ್ದನ್ನ ಕಿಟಕಿಯಿಂದ ಕಣ್ಣಾರೆ ಕಂಡಿದ್ದೀನಿ. ಉಳಿದಿದ್ದು ನಿಮ್ಮ ಹೆಡ್ ಗುಮಾಸ್ತರ ಜೇಬಿಗೆ ಹೋಯ್ತು. ಕಟ್ಟಡ ಕಟ್ಟಿಸಿದವನ ಮನೇಲೇ ಗೆದ್ದಲು ಅಂದ್ರೆ ನನ್ನ ಮಾನ ಉಳಿಯುತ್ತೇನ್ರೀ? ನೀವು ಬಾಯಿ ಬಿಟ್ರೆ, ತಲೆ ಕೆಟ್ಟಿದೆ ಅಂತ ನಾನೇ ಹೇಳ್ತೀನಿ. ಇಡೀ ಬೀದಿ ಆಗ್ಲೇ ಒಪ್ಪಿದೆ.”

ಭಾನುವಾರಪ್ಪನ ತಲೆಗೆ ಹೊಳೆದದ್ದು ಒಂದೇ. ದೊಡ್ಡಮ್ಮನ ಬೀರುವಿಗೂ ಗೆದ್ದಲು ಹಿಡಿದಿದೆ! ಕುಂಟುಗಾಲಲ್ಲೇ ಬೀದಿ ದಾಟಿ ಎದುರುಮನೆಗೆ ಓಡಿದ.

ಹೆಂಡತಿ ಬಾಗಿಲಿಗೆ ಬಂದಳು. ಕೈ ಖಾಲಿಯಿತ್ತು. ಕಾಗದದ ಕಟ್ಟು ಆಗಲೇ ಒಳಗೆ ಸೇರಿತ್ತು.

“ಲೇ, ಕಾಗದ ಈಚೆ ತಗೊಂಡು ಬಾರೇ! ಈ ಮನೇಲಿ ಗೆದ್ದಲಿದೆ! ಬಿಸ್ಕತ್ತನ್ನ ದೊಡ್ಡಮ್ಮ ಕದ್ದಿದ್ದಾರೆ, ಓವರ್ಸಿಯರ್ ಕದ್ದಿದ್ದಾರೆ, ನಮ್ಮ ಹೆಡ್ ಗುಮಾಸ್ತರೂ ಕದ್ದಿದ್ದಾರೆ!”

ಒಳಗಿಂದ ದೊಡ್ಡಮ್ಮನ ನಿಟ್ಟುಸಿರು ಕೇಳಿಸಿತು. “ಪಾಪ, ಜಾಸ್ತಿ ಆಗಿದೆ ಕಣಮ್ಮ.”

“ಯಾರೂ ಮುಟ್ಟಿಲ್ಲ, ಒಂದು ನಿಮಿಷ ಅದರ ಮೇಲಿಂದ ಕಣ್ಣು ತೆಗೆದಿಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಿ” ಅಂದಳು ಹೆಂಡತಿ. ಕೋಪಕ್ಕಿಂತ ದಣಿವೇ ಹೆಚ್ಚಾಗಿತ್ತು ದನಿಯಲ್ಲಿ. “ನಿಮ್ಮ ಮನೇಲಿದ್ದ ಗೆದ್ದಲು ಆರು ತಿಂಗಳು ನಿಮ್ಮ ಕಣ್ಣಿಗೆ ಬೀಳ್ಲಿಲ್ಲ. ಇವರ ಮನೇಲಿ ಇಲ್ಲದ್ದು ಕಾಣಿಸ್ತಾ? ಹೋಗಿ ಮಲಗಿ.”

ಬಾಗಿಲು ಮುಚ್ಚಿತು.

ಆಗ ಕಂಡಿತು, ಚೌಕಟ್ಟಿನ ಪಕ್ಕದಲ್ಲಿ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ. ಅದರ ಬುಡದಲ್ಲಿ ಅವನದೇ ಬಿಸ್ಕತ್ತು. ಬಗ್ಗಿ ನೋಡಿದ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ಐದಾರು ಬಿಳಿ ಹುಳು. ಹೆಂಡತಿಯ ಕಾಗದ ಉಳಿಯಬೇಕಾದರೆ ಇವು ಇಲ್ಲೇ, ಇದನ್ನೇ ತಿನ್ನಬೇಕು.

ಬಾಗಿಲು ಬಡಿಯಲು ಎತ್ತಿದ್ದ ಕೈಯನ್ನು ಭಾನುವಾರಪ್ಪ ಹಾಗೇ ಇಳಿಸಿದ. ಸ್ವಲ್ಪವೂ ಶಬ್ದವಾಗದಂತೆ ದೊಡ್ಡಮ್ಮನ ಮೆಟ್ಟಿಲ ಮೇಲೆ ಕೂತು, ಕಾವಲು ಕಾಯತೊಡಗಿದ.