ಆಲ್ಗರಿದಮ್ ಮೇಷ್ಟ್ರ ಮನೆಯ ಒಬ್ಬಟ್ಟು

ಮೇಷ್ಟ್ರ ಕೆಲಸದಲ್ಲಿರುವವನು ನಗೆಪಾಟಲಾಗಲು ಮುಹೂರ್ತ ನೋಡಬೇಕಿಲ್ಲ. ಅಂಥ ಪ್ರಸಂಗಗಳು ತಾವೇ ಮನೆ ಹುಡುಕಿಕೊಂಡು ಬರುತ್ತವೆ.

ಎಪ್ಪತ್ತರ ದಶಕದಲ್ಲಿ ನಾನು ಡೆಟ್ರಾಯಿಟ್ ಪಕ್ಕದ ಒಂದು ವಿಶ್ವವಿದ್ಯಾಲಯದಲ್ಲಿ ಆಲ್ಗರಿದಮ್ ಪಾಠ ಮಾಡುತ್ತಿದ್ದೆ. ಆಲ್ಗರಿದಮ್ ಎಂದರೆ ಮತ್ತೇನಲ್ಲ, ಒಂದು ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಮಾಡಿ ಮುಗಿಸುವ ಕ್ರಮ. ಮೊದಲ ದಿನವೇ ಕೋರ್ಸಿನ ಗುರಿಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಒಳ್ಳೆಯ ಕ್ರಮ ಆರಿಸಬೇಕು, ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಬೇಕು, ಕೊನೆಗೆ ಅದು ನಿಲ್ಲುತ್ತದೆಂದು ತೋರಿಸಬೇಕು. ಬರೆಯುವುದೇನೋ ಸಲೀಸು.

ಮಂಜಿನ ಮೇಲೆ

ಆಗ ಕಂಪ್ಯೂಟರಿಗೆ ಪ್ರೋಗ್ರಾಮ್ ಕೊಡುವುದೆಂದರೆ ಕ್ರಮಸಂಖ್ಯೆ ಹಾಕಿದ ರಟ್ಟಿನ ಕಾರ್ಡುಗಳ ಕಟ್ಟು ಹೊತ್ತುಕೊಂಡು ಹೋಗುವುದು. ಜನವರಿಯಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಬಿದ್ದು, ಕಾರ್ಡೆಲ್ಲ ಮಂಜಿನ ಮೇಲೆ ಚೆಲ್ಲಾಪಿಲ್ಲಿಯಾಯಿತು. ಫ್ಯಾರನ್‌ಹೀಟ್ ಲೆಕ್ಕದಲ್ಲೂ ಒಂದಂಕಿಯ ಚಳಿ, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ. ಇಡೀ ಕ್ಲಾಸು ಕೂತು ಕಾರ್ಡುಗಳನ್ನು ಕ್ರಮವಾಗಿ ಜೋಡಿಸತೊಡಗಿತು. ಎಲ್ಲರೂ ಮನಸ್ಸಿಗೆ ಬಂದ ಹಾಗೆ! ನನಗೆ ತಡೆಯಲಾಗಲಿಲ್ಲ.

"ಜೋಡಿಸೋ ವಿಧಾನ ಮೂರು ವಾರ ಕಲಿಸಿದೀನಲ್ಲ, ಎಲ್ಲಿ ಹೋಯ್ತು?" ಎಂದೆ.

ಬಿದ್ದವನು ಮೂಗು ಒರೆಸಿಕೊಳ್ಳುತ್ತ, "ಪ್ರೊಫೆಸರ್, ಅದು ಪರೀಕ್ಷೆಗೆ. ಇದು ಚಳಿಗೆ," ಎಂದ.

ಕೋಟು ಹಾಕಿಕೊಂಡ ಮೇಲೆ

ಧಾರವಾಡದ ಕಡೆಯ ಡಾಕ್ಟರೊಬ್ಬರು ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಹೆಂಡತಿಯೊಂದಿಗೆ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಒಮ್ಮೆ ಹೊರಡಲು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತವರು, "ಅಲ್ರೀ ಮಾಸ್ತರ, ಅದೇನ್ ಕಲಸ್ತೀರಿ ನೀವು?" ಎಂದು ಕೇಳಿದರು.

"ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲೇ ಹೇಳೋದು," ಎಂದೆ.

ಅವರ ಹೆಂಡತಿ ತಟ್ಟನೆ, "ಹಂಗಾದ್ರ ಬರ್ತೀವಿ ಅಂತ ಹೇಳಿದ ಮ್ಯಾಲೆ ಇವರು ಕಾರ್ ಹತ್ತೂದು ಯಾವಾಗ, ಅಷ್ಟು ಹೇಳ್ರಿ. ನಾ ಕೋಟ್ ತಗದು ಕುಂದರ್ತೀನಿ," ಎಂದರು. ಕೂತೇಬಿಟ್ಟರು. ನನ್ನ ಹೆಂಡತಿ ಮತ್ತೊಮ್ಮೆ ಕಾಫಿಗಿಟ್ಟಳು.

ಯುಗಾದಿ ಊಟ

ನಮ್ಮ ವಿಭಾಗದ ಮುಖ್ಯಸ್ಥರು ಅಮೆರಿಕನ್. ಒಂದು ವಸಂತದಲ್ಲಿ ಕರೆದು, "ಆಲ್ಗರಿದಮ್ ಕೊನೆಗೆ ನಿಲ್ಲುತ್ತೆ ಅಂತ ತೋರಿಸೋದು ನಿಮ್ಮ ವಿದ್ಯಾರ್ಥಿಗಳಿಗೆ ಬರ್ತಿಲ್ಲ. ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ," ಎಂದರು. ಸೀದಾ ಮನೆಗೆ ಬಂದು ಹೇಳಿದೆ. ನನ್ನವಳು ಮೈಸೂರಿನವಳು, ಎದೆಗುಂದುವವಳಲ್ಲ. "ಅವರನ್ನ ಯುಗಾದಿಗೆ ಊಟಕ್ಕೆ ಕರೀರಿ," ಎಂದಳು.

ಅವರು ಬಂದರು, ಒಬ್ಬಟ್ಟು ತಿಂದರು, ಹೊಗಳಿದರು. ತಟ್ಟೆ ಖಾಲಿಯಾಯಿತು. ಇವಳು ಇನ್ನೊಂದು ಹಾಕಿದಳು. ಅದೂ ಖಾಲಿಯಾಯಿತು, ಮತ್ತೊಂದು ಬಿತ್ತು. "ನೋ, ಥ್ಯಾಂಕ್ಯೂ" ಎಂದರೆ ಇವಳಿಗೆ ಅದು ಬರೀ ಸಂಕೋಚ. ಅವರ ಹಣೆಯಲ್ಲಿ ಬೆವರು, ಬೆಲ್ಟು ಸಡಿಲ. ನಾನು ಕನ್ನಡದಲ್ಲಿ, "ಸಾಕು ಬಿಡೇ," ಎಂದೆ.

"ಸುಮ್ನಿರ್ರೀ! ನಿಮ್ಮ ಕೆಲಸ ಉಳೀಬೇಕೋ ಬೇಡ್ವೋ?" ಎಂದು ಅವಳು ತುಪ್ಪವನ್ನೂ ಸುರಿದಳು.

ಕೊನೆಗೆ ಅವರು ಏದುಸಿರು ಬಿಡುತ್ತ, "ನಿಮ್ಮ ಹೆಂಡತಿಯ ನಿಯಮವೇನು?" ಎಂದು ಕೇಳಿದರು.

"ತಟ್ಟೆ ಖಾಲಿಯಾದರೆ ಬಡಿಸು."

"ನನ್ನ ತಾಯಿ ಕಲಿಸಿದ್ದು, ತಟ್ಟೆಗೆ ಬಿದ್ದದ್ದನ್ನ ಬಿಡಬೇಡ," ಎಂದು ಒಂದು ಗಳಿಗೆ ಯೋಚಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಎರಡೂ ಸರಿ. ಕೂಡಿದರೆ ಮಾತ್ರ ನಿಲ್ಲೋದೇ ಇಲ್ಲ! ಇದನ್ನ ಕ್ಲಾಸಲ್ಲಿ ಹೇಳಿ. ಈಗ ಹೇಗೆ ನಿಲ್ಲಿಸೋದು, ಅದನ್ನ ಮೊದಲು ಹೇಳಿ!"

ಎರಡೂ ಕೈ ಅಡ್ಡ ಇಟ್ಟು ತಟ್ಟೆಯ ಮೇಲೆ ಬಗ್ಗಲು ಹೇಳಿಕೊಟ್ಟೆ. ಪಾಪ, ಪೂರ್ತಿ ಕವುಚಿಕೊಂಡರು. ಟೈಗೆಲ್ಲ ತುಪ್ಪ. "ಈಗ ನಿಜವಾಗಿ ಸಾಕಾಗಿರಬೇಕು," ಎಂದು ಇವಳು ಪಾತ್ರೆ ಕೆಳಗಿಟ್ಟಳು.

ಕ್ಲಾಸಿನಲ್ಲಿ ಅದನ್ನೇ ಹೇಳಿದೆ. ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಸರಿಯಾಗಿ ಬರೆದರು. ನನ್ನನ್ನು ಇನ್ನು ಮೂರು ವರ್ಷ ಇಟ್ಟುಕೊಳ್ಳುವುದಾಗಿ ಮುಖ್ಯಸ್ಥರು ಕೈಕುಲುಕಿ ಹೇಳಿದರು. ಖುಷಿಯಲ್ಲಿ ನೆಲಕ್ಕೆ ಕಾಲು ತಾಗದಂತೆ ಮನೆಗೆ ಓಡಿಬಂದು ಹೆಂಡತಿಗೆ ಹೇಳಿದೆ.

ಅವಳ ಮುಖ ಸಪ್ಪಗಾಯಿತು. "ಮೂರೇ ವರ್ಷಾನಾ? ಅವತ್ತು ಅಡ್ಡ ಬರದೆ ಇನ್ನೆರಡು ಬಡಿಸೋಕೆ ಬಿಟ್ಟಿದ್ರೆ ಪರ್ಮನೆಂಟೇ ಆಗ್ತಿತ್ತು!"